ಉಂಗುರದಲ್ಲಿ ತೂರಿದರೆ ಅದು ಪಶ್ಮೀನಾನಾ?

ಪ್ರಶ್ನೆ: ಅಕ್ಟೋಬರ್‌ನಲ್ಲಿ ಗೈಡ್ ಜೊತೆ ಹಿಮಾಚಲದ ಕುಲ್ಲು ಕಣಿವೆಯಲ್ಲಿ ಐದು ದಿನ ನಡೆಯೋಕೆ ಹೋಗ್ತಿದ್ದೇವೆ. ಒಂದು ದಿನ ನೇಕಾರರ ಹಳ್ಳಿಯಲ್ಲೂ ಇರ್ತೇವೆ. ಅಮ್ಮನಿಗೆ ಪಶ್ಮೀನಾ ಶಾಲು ತರಬೇಕು ಅಂತ ಆಸೆ. ಅಸಲಿ ಹೌದೋ ಅಲ್ಲವೋ ತಿಳಿಯೋಕೆ ಉಂಗುರದಲ್ಲಿ ತೂರಿಸಿ ನೋಡಿದರೆ ಸಾಕು ಅಲ್ವಾ?

ಸಾಲದು. ಪಶ್ಮೀನಾ ಅಂದರೆ ಲಡಾಖಿನ ಮೇಕೆಯ ನಯವಾದ ಒಳಗೂದಲು. ಶಾಲು ಯಾವ ಪ್ರಾಣಿಯ ಉಣ್ಣೆಯದು ಅಂತ ಉಂಗುರದಿಂದ ತಿಳಿಯುವುದೇ ಇಲ್ಲ.

ಮಳೆಗಾಲ ಮುಗಿಯುತ್ತಾ ಬಂದ ಹಾಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಹೊರಡುವ ಮುಂಚೆ ಕೇಳುವವರು ಸ್ವಲ್ಪ ಜನ. ಶಾಲು ಕೊಂಡು ತಂದ ಮೇಲೆ "ಅಂಗಡಿಯವರೇ ಉಂಗುರದಲ್ಲಿ ಎಳೆದು ತೋರಿಸಿದರು, ಮೋಸ ಇರಲ್ಲ ಬಿಡಿ" ಅಂತ ಹೇಳುವವರು ಜಾಸ್ತಿ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಉಂಗುರ ಏನನ್ನು ಅಳೆಯುತ್ತದೆ ಅಂತ ಮೊದಲು ನೋಡೋಣ. ಸಾಮಾನ್ಯ ಉಂಗುರದ ಒಳ ಅಗಲ ಸುಮಾರು 17 ಮಿಲಿಮೀಟರ್. ಅದರ ತೂತಿನ ವಿಸ್ತೀರ್ಣ ಹೆಚ್ಚುಕಮ್ಮಿ 227 ಚದರ ಮಿಲಿಮೀಟರ್. ಶಾಲಿನ ಅಗಲ ಒಂದು ಮೀಟರ್, ಅಂದರೆ 1,000 ಮಿಲಿಮೀಟರ್. ಬಟ್ಟೆಯ ದಪ್ಪ 0.2 ಮಿಲಿಮೀಟರ್ ಇದ್ದರೆ ಮುದುಡಿದಾಗ ಅದಕ್ಕೆ ಬೇಕಾದ ಜಾಗ 200 ಚದರ ಮಿಲಿಮೀಟರ್. ಹೋಗುತ್ತದೆ. ದಪ್ಪ 0.5 ಮಿಲಿಮೀಟರ್ ಇದ್ದರೆ ಬೇಕಾದ ಜಾಗ 500. ಸಿಕ್ಕಿಕೊಳ್ಳುತ್ತದೆ. ಎಳೆಗಳ ನಡುವೆ ಗಾಳಿ ಜಾಸ್ತಿ ಇದ್ದು ಚೆನ್ನಾಗಿ ಅದುಮಿಕೊಂಡರೆ ಅದೂ ಹೋಗಬಹುದು. ಈ ಲೆಕ್ಕದಲ್ಲಿ ಮೇಕೆ ಎಲ್ಲಿ ಬಂತು, ಕುರಿ ಎಲ್ಲಿ ಬಂತು? ಬಟ್ಟೆ ಎಷ್ಟು ಅಗಲ, ಎಷ್ಟು ತೆಳು, ಎಷ್ಟು ಅದುಮಿಕೊಳ್ಳುತ್ತದೆ ಅನ್ನುವುದಷ್ಟೇ ಉಂಗುರಕ್ಕೆ ಗೊತ್ತು.

ನಂಬಿಕೆ ಬರದಿದ್ದರೆ ಈಗಲೇ ಎದ್ದು ಹೋಗಿ ಬೀರುವಿನಿಂದ ಒಂದು ಶಿಫಾನ್ ದುಪಟ್ಟಾ ತೆಗೆದು ಎಳೆದು ನೋಡಿ. ನೀರಿನ ಹಾಗೆ ಜಾರುತ್ತದೆ. ತೆಳು ರೇಷ್ಮೆಯೂ ಜಾರುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಕೂಡ ಜಾರುತ್ತದೆ. "ಪಶ್ಮೀನಾ" ಅಂತ ಚೀಟಿ ಅಂಟಿಸಿಕೊಂಡು ಪ್ರವಾಸಿ ಊರುಗಳಲ್ಲಿ ನೇತಾಡುವ ಶಾಲುಗಳಲ್ಲಿ ಎಷ್ಟೋ ಈ ವಿಸ್ಕೋಸಿನವೇ. ಒಮ್ಮೆ ಹೆದ್ದಾರಿ ಪಕ್ಕದ ಅಂಗಡಿಯೊಂದರಲ್ಲಿ ನನ್ನ ಎದುರಿಗೇ ಒಬ್ಬರು ಉಂಗುರ ಬಿಚ್ಚಿ ಶಾಲು ಎಳೆದು ತೋರಿಸಿದರು. ನಮ್ಮ ತಂಡದ ಮೂವರು ತಕ್ಷಣ ಕೊಂಡರು. ಅಂಚಿನಿಂದ ಉದುರಿದ ಒಂದು ಎಳೆಯನ್ನು ಸಂಜೆ ಸುಟ್ಟು ನೋಡಿದರೆ ಕಾಗದ ಸುಟ್ಟ ವಾಸನೆ. ಕೂದಲಿನ ವಾಸನೆಯೇ ಇಲ್ಲ. ಅದು ಉಣ್ಣೆಯೇ ಅಲ್ಲ, ಇನ್ನು ಪಶ್ಮೀನಾ ಎಲ್ಲಿಂದ ಬರಬೇಕು? ಆ ಮೂವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಇನ್ನೊಂದು ಕಡೆಯಿಂದಲೂ ಈ ಪರೀಕ್ಷೆ ಸೋಲುತ್ತದೆ. ಎರಡೆಳೆ ನೂಲಿನಲ್ಲಿ ನೇಯ್ದ ಅಸಲಿ ಪಶ್ಮೀನಾ ದಪ್ಪಗಿರುತ್ತದೆ. ಮೈತುಂಬ ಸೂಜಿ ಕಸೂತಿ ಮಾಡಿದ ಕಾಶ್ಮೀರಿ ಶಾಲು ಇನ್ನೂ ದಪ್ಪ. ಅವು ಉಂಗುರದಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಸುಳ್ಳನ್ನು ಪಾಸು ಮಾಡಿ ನಿಜವನ್ನು ಫೇಲು ಮಾಡುವ ಪರೀಕ್ಷೆ ಇದು. ಮೇಲಾಗಿ ಬಲವಂತವಾಗಿ ಎಳೆದರೆ ಉಂಗುರದ ಹರಳಿನ ಕೊಕ್ಕೆ ತಾಗಿ ಒಳ್ಳೆಯ ಶಾಲಿನ ಎಳೆ ಕೀಳುತ್ತದೆ. ದಯವಿಟ್ಟು ಮಾಡಬೇಡಿ.

ಹಾಗಾದರೆ ಈ ಉಂಗುರದ ಮಾತು ಎಲ್ಲಿಂದ ಬಂತು? ಇದನ್ನು ತಿಳಿದರೆ ನೀವೇ ಅದನ್ನು ಬಿಟ್ಟುಬಿಡುತ್ತೀರಿ. "ಉಂಗುರದ ಶಾಲು" ಅನ್ನುವ ಹೆಸರಿದ್ದದ್ದು ಶಹತೂಶ್‌ಗೆ. ಅದು ಮೇಕೆಯದಲ್ಲ. ಟಿಬೆಟ್ ಪ್ರಸ್ಥಭೂಮಿಯಲ್ಲಿ ಓಡಾಡುವ ಚಿರು ಎಂಬ ಕಾಡುಪ್ರಾಣಿಯದು. ಅದರ ಒಳಗೂದಲಿನ ದಪ್ಪ 9ರಿಂದ 12 ಮೈಕ್ರಾನ್ ಮಾತ್ರ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಚಿರುವನ್ನು ಸಾಕಿ ಉಣ್ಣೆ ಬಾಚಲು ಆಗುವುದಿಲ್ಲ, ಕೊಂದೇ ತೆಗೆಯುತ್ತಿದ್ದರು. ಒಂದು ಶಾಲಿಗೆ ಮೂರರಿಂದ ಐದು ಪ್ರಾಣಿ. 1979ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಚಿರು ಇದೆ. ಶಹತೂಶ್ ಮಾರುವುದು, ಕೊಳ್ಳುವುದು ಅಪರಾಧ. ಈಗ ಯೋಚಿಸಿ. ಮಾರುವವರು ಉಂಗುರ ತೋರಿಸಿ ದನಿ ತಗ್ಗಿಸಿ "ಇದು ಪಶ್ಮೀನಾಕ್ಕಿಂತ ಮೇಲಿನದು" ಅಂದರೆ ಒಂದೋ ಸುಳ್ಳು, ಇಲ್ಲವೋ ಕಾನೂನಿಗೆ ವಿರುದ್ಧ. ಎರಡರಲ್ಲಿ ಯಾವುದಾದರೂ ಅಲ್ಲಿಂದ ಎದ್ದು ಬನ್ನಿ.

ಪಶ್ಮೀನಾ ಅಂದರೆ ಏನು ಅನ್ನುವುದೂ ಸ್ಪಷ್ಟವಾಗಬೇಕು. ಪರ್ಷಿಯನ್ ಭಾಷೆಯಲ್ಲಿ ಪಶ್ಮ್ ಅಂದರೆ ಉಣ್ಣೆ. ಲಡಾಖಿನ ಚಾಂಗ್‌ಥಾಂಗ್ ಪ್ರದೇಶದಲ್ಲಿ, 4,000 ಮೀಟರಿಗಿಂತ ಎತ್ತರದಲ್ಲಿ, ಅಲೆಮಾರಿ ಚಾಂಗ್‌ಪಾ ಜನ ಸಾಕುವ ಮೇಕೆಗಳಿವೆ. ಚಳಿಗೆ ಅವುಗಳ ಒರಟು ಕೂದಲಿನ ಕೆಳಗೆ ಬಲು ನಯವಾದ ಒಳಗೂದಲು ಬೆಳೆಯುತ್ತದೆ. ವಸಂತದಲ್ಲಿ ಅದು ತಾನೇ ಉದುರಲು ಶುರುವಾದಾಗ ಬಾಚಿ ತೆಗೆಯುತ್ತಾರೆ. ಎಳೆಯ ದಪ್ಪ 12ರಿಂದ 16 ಮೈಕ್ರಾನ್. ನಮ್ಮ ತಲೆಗೂದಲು ಅದರ ನಾಲ್ಕೈದು ಪಟ್ಟು ದಪ್ಪ. ಅಷ್ಟು ನಯವಾದ ಎಳೆ ಯಂತ್ರದ ಎಳೆತಕ್ಕೆ ತಡೆಯುವುದು ಕಷ್ಟ. ಅದಕ್ಕೇ ಕಾಶ್ಮೀರದಲ್ಲಿ ಹೆಂಗಸರು ಚರಕದಲ್ಲಿ ಕೈಯಿಂದ ನೂಲುತ್ತಾರೆ. ಯಂತ್ರದಲ್ಲಿ ನೂಲುವವರು ಎಷ್ಟೋ ಸಲ ನೈಲಾನ್ ಬೆರೆಸಿ, ಆಮೇಲೆ ಆಮ್ಲದಲ್ಲಿ ಆ ನೈಲಾನನ್ನು ಕರಗಿಸುತ್ತಾರೆ. ಇದರಿಂದ ಉಣ್ಣೆಯ ಗಟ್ಟಿತನ ಹೋಗುತ್ತದೆ.

ಹಾಗಾದರೆ ಎಳೆ ಸುಟ್ಟು ನೋಡಿದರೆ ಸಾಕಲ್ವಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅದೂ ಅರ್ಧ ಮಾತ್ರ ಸರಿ. ಕೂದಲಿನ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಪ್ರಾಣಿಯ ಎಳೆ. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ಜಾತಿ. ಆದರೆ ಕುರಿಯ ಉಣ್ಣೆಯೂ ಪಶ್ಮೀನಾವೂ ಒಂದೇ ಥರ ಸುಡುತ್ತವೆ. ಎರಡನ್ನೂ ಬೇರೆ ಮಾಡಲು ಮೈಕ್ರೋಸ್ಕೋಪ್ ಬೇಕು. ಎಳೆಯ ದಪ್ಪ, ಅದರ ಮೇಲಿನ ಹುರುಪೆಗಳ ಸಾಲು, ಇವನ್ನು ನೋಡಿ ಹೇಳುತ್ತಾರೆ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲೂ ಶ್ರೀನಗರದಲ್ಲೂ ಇಂಥ ಪರೀಕ್ಷೆ ನಡೆಯುತ್ತದೆ. ಕಾಶ್ಮೀರ ಪಶ್ಮೀನಾಕ್ಕೆ 2008ರಿಂದ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಇದೆ. 16 ಮೈಕ್ರಾನ್ ಒಳಗಿನ ಎಳೆ, ಕೈನೂಲು, ಕೈಮಗ್ಗ, ಮೂರೂ ಇದ್ದರೆ ಮಾತ್ರ ಆ ಗುರುತು ಅಂಟಿಸುತ್ತಾರೆ. ಪಶ್ಮೀನಾ ಬೇಕೇ ಬೇಕು ಅಂದರೆ ಆ ಗುರುತು ಕೇಳಿ ತಗೊಳ್ಳಿ.

ಈಗ ನನಗೆ ನಿಜವಾಗಿ ಹೇಳಬೇಕಿರುವ ಮಾತಿಗೆ ಬರುತ್ತೇನೆ. ನೀವು ಹೋಗುತ್ತಿರುವುದು ಕುಲ್ಲುವಿಗೆ. ಪಶ್ಮೀನಾ ಮೇಕೆ ಅಲ್ಲಿಯದಲ್ಲ. ಅಲ್ಲಿನ ನೇಕಾರರೂ ಪಶ್ಮೀನಾ ನೇಯುತ್ತಾರೆ ನಿಜ, ಆದರೆ ನೂಲು ಹೊರಗಿನದು. ಅಕ್ಟೋಬರ್‌ನಲ್ಲಿ ನಿಮ್ಮ ಕಣ್ಣೆದುರಿಗೆ ಸಿಗುವುದು ಕುರಿ. ಮಳೆ ಹಿಂದೆ ಸರಿದು ಆಕಾಶ ತೊಳೆದ ಹಾಗೆ ಇರುತ್ತದೆ. ಎತ್ತರದ ಹುಲ್ಲುಗಾವಲುಗಳಿಂದ ಮಂದೆಗಳು ಇಳಿದು ಬರುತ್ತಿರುತ್ತವೆ. ನಗ್ಗರ್ ಊರಿನಿಂದ ಚಂದ್ರಖಾನಿ ಕಣಿವೆದಾರಿಯ ಕಡೆಗೆ ಹತ್ತುವಾಗ ಎಷ್ಟೋ ಸಲ ಗೈಡ್ ನಿಮ್ಮನ್ನು ಹಾದಿಯ ಬದಿಗೆ ನಿಲ್ಲಿಸಿ ಮಂದೆಗೆ ದಾರಿ ಬಿಡಿಸುತ್ತಾರೆ. ಬೆಟ್ಟದ ಬದಿಗೆ ನಿಲ್ಲಿ, ಕಣಿವೆಯ ಬದಿಗೆ ಬೇಡ. ಅದೇ ಕಣಿವೆಯ ಮನೆಗಳಲ್ಲಿ ಮಗ್ಗ ಇದೆ. ಕುರಿಯನ್ನೂ ಮಗ್ಗವನ್ನೂ ಒಂದೇ ವಾರದಲ್ಲಿ ನೋಡಲು ಸಿಗುವುದು ದೊಡ್ಡ ಭಾಗ್ಯ. ಅದನ್ನು ಬಿಟ್ಟು ಇಲ್ಲದ ಮೇಕೆಯನ್ನು ಹುಡುಕುತ್ತೀರಲ್ಲ ಅನ್ನುವುದೇ ನನ್ನ ಬೇಸರ.

ಕುಲ್ಲು ಶಾಲಿಗೂ ಜಿಐ ಇದೆ. ಆ ಶಾಲನ್ನು ಗುರುತಿಸುವುದು ಅದರ ಅಂಚಿನಿಂದ. ಮೈ ಸಾದಾ, ಎರಡು ತುದಿಗೆ ಬಣ್ಣಬಣ್ಣದ ಚೌಕ, ತ್ರಿಕೋನಗಳ ಪಟ್ಟಿ. ಅದು ಕಸೂತಿ ಅಲ್ಲ. ನೇಯುವಾಗಲೇ ಹಾಸಿನ (ಉದ್ದದ) ಎಳೆ ಎಣಿಸಿ, ಬಣ್ಣದ ನೂಲನ್ನು ಬೆರಳಿನಿಂದ ಒಂದೊಂದಾಗಿ ತೂರಿಸುತ್ತಾರೆ. ಒಂದು ಎಳೆ ತಪ್ಪಿದರೆ ಬಿಚ್ಚಬೇಕು. ಅಂಚು ಅಗಲವಾದಷ್ಟೂ ದಿನ ಜಾಸ್ತಿ, ಬೆಲೆಯೂ ಜಾಸ್ತಿ. ಮೊದಲು ಹೆಂಗಸರು ಮೈಗೆ ಸುತ್ತಿಕೊಂಡು ಪಿನ್ನು ಚುಚ್ಚುವ ಪಟ್ಟು ಎಂಬ ದಪ್ಪ ಹೊದಿಕೆಯನ್ನೇ ನೇಯುತ್ತಿದ್ದರು. ಈಗ ಕಾಣುವ ಅಂಚಿನ ವಿನ್ಯಾಸ ಕಿನ್ನೌರ್ ಕಡೆಯಿಂದ ಬಂದ ನೇಕಾರರಿಂದ ಕಲಿತದ್ದು. ಭುಟ್ಟಿ ನೇಕಾರರ ಸಹಕಾರ ಸಂಘ 1944ರಲ್ಲಿ ಹುಟ್ಟಿತು. ಇವತ್ತಿಗೂ ಅದು ನಡೆಯುತ್ತಿದೆ.

ಕೊಳ್ಳುವಾಗ ಅಂಚನ್ನು ತಿರುಗಿಸಿ ಹಿಂಬದಿ ನೋಡಿ. ಬೆರಳಿನಿಂದ ತುಂಬಿದ ಬಣ್ಣದ ಎಳೆ ಒಂದು ಆಕಾರದಿಂದ ಇನ್ನೊಂದಕ್ಕೆ ಹೋಗುವ ಕಡೆ ಸಣ್ಣ ಏರುಪೇರು ಇರುತ್ತದೆ. ಬದಿಯಂಚಿನ ಉದ್ದಕ್ಕೂ ಪುಟ್ಟ ಸೂಜಿತೂತುಗಳು ಕಂಡರೆ ಇನ್ನೂ ಒಳ್ಳೆಯದು. ಬಟ್ಟೆಯ ಅಗಲ ಕುಗ್ಗದಿರಲೆಂದು ಮಗ್ಗದ ಮೇಲೆ ಹಲ್ಲಿರುವ ಕೋಲು ಸಿಕ್ಕಿಸಿ ಅಗಲಕ್ಕೆ ಹಿಡಿದಿರುತ್ತಾರೆ, ಅದರ ಗುರುತು ಅದು. ಲೂಧಿಯಾನದ ಪವರ್‌ಲೂಮ್‌ಗಳಲ್ಲಿ ತಯಾರಾದ ಶಾಲುಗಳು ಕುಲ್ಲು ಶಾಲಿನ ಹೆಸರಲ್ಲಿ ಅಲ್ಲೇ ಮಾರಾಟವಾಗುತ್ತವೆ. ಅದಕ್ಕೇ ಹೇಳುವುದು, ಮಗ್ಗ ಇರುವ ಮನೆಯಲ್ಲೋ ಸಹಕಾರ ಸಂಘದಲ್ಲೋ ಕೈಮಗ್ಗದ ಗುರುತು ನೋಡಿ ಕೊಳ್ಳಿ. ದಸರಾ ಹೊತ್ತಿಗೆ ಹೋದರೆ ಢಾಲ್‌ಪುರ ಮೈದಾನದಲ್ಲಿ ಶಾಲಿನ ರಾಶಿಯೇ ಇರುತ್ತದೆ. ಕುಲ್ಲು ದಸರಾ ನಮ್ಮ ವಿಜಯದಶಮಿಯ ದಿನ ಶುರುವಾಗಿ ಏಳು ದಿನ ನಡೆಯುತ್ತದೆ. ಆ ಗದ್ದಲದಲ್ಲಿ ಅವಸರ ಮಾಡಬೇಡಿ.

ಅಮ್ಮನಿಗೆ ಕುರಿಯುಣ್ಣೆ ಚುಚ್ಚುತ್ತದೆ ಅನ್ನುವ ಭಯವಿದ್ದರೆ ಮೆರಿನೋ ಅಥವಾ ಅಂಗೋರಾ ನೂಲಿನದು ಕೇಳಿ. ಮೆರಿನೋ ಕೂಡ ಕುರಿಯದೇ, ಆದರೆ ನಯವಾದ ಉಣ್ಣೆಯ ತಳಿ. ಅಂಗೋರಾ ಅಂದರೆ ಮೊಲದ ಕೂದಲು. ಕುಲ್ಲುವಿನ ಗಡ್ಸಾದಲ್ಲಿ ಈ ಮೊಲಗಳ ಸರ್ಕಾರಿ ಸಂಶೋಧನಾ ಕೇಂದ್ರವೇ ಇದೆ. ಕೆನ್ನೆಗೆ ಒತ್ತಿ ಒಂದು ನಿಮಿಷ ಹಿಡಿದು ನೋಡಿ. ಅಮ್ಮನ ಚರ್ಮಕ್ಕೆ ಹಿತವೋ ಅಲ್ಲವೋ ಅನ್ನುವುದಕ್ಕೆ ಅದು ಸಾಕು.

ನೀವು ಕೇಳಿಲ್ಲ, ಆದರೂ ಒಂದು ಮಾತು. ಅಮ್ಮನ ಶಾಲಿನ ಬಗ್ಗೆ ಇಷ್ಟು ಯೋಚಿಸಿದ್ದೀರಿ, ನಡೆಯುವ ಐದು ದಿನ ನೀವು ಏನು ಹಾಕಿಕೊಳ್ಳುತ್ತೀರಿ? ಹೆಚ್ಚಿನವರು ಹತ್ತಿ ಬನಿಯನ್, ಹತ್ತಿ ಟೀ ಶರ್ಟ್, ಅದರ ಮೇಲೆ ಒಂದು ದಪ್ಪ ಜಾಕೆಟ್ ತರುತ್ತಾರೆ. ನಗ್ಗರ್ ಇರುವುದು ಸುಮಾರು 1,800 ಮೀಟರ್ ಎತ್ತರದಲ್ಲಿ. ಚಂದ್ರಖಾನಿ 3,600 ಮೀಟರ್ ದಾಟುತ್ತದೆ. ಮಧ್ಯಾಹ್ನ ಬಿಸಿಲಲ್ಲಿ ಹತ್ತುವಾಗ ಬೆವರು ಹರಿಯುತ್ತದೆ, ಸೂರ್ಯ ಮರೆಯಾದ ಗಳಿಗೆಗೆ ಚಳಿ ಹಿಡಿಯುತ್ತದೆ. ಹತ್ತಿ ಬೆವರು ಕುಡಿದು ಒದ್ದೆಯಾಗಿ ಮೈಗೆ ಅಂಟುತ್ತದೆ, ಮೈಯ ಬಿಸಿ ಎಳೆಯುತ್ತದೆ. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಮೈಗೆ ತಾಗುವ ಬಟ್ಟೆ ತೆಳು ಉಣ್ಣೆಯದಿರಲಿ, ಇಲ್ಲವೇ ಬೇಗ ಒಣಗುವ ಕೃತಕ ನೂಲಿನದಿರಲಿ. ಹತ್ತಿ ಮಾತ್ರ ಬೇಡ. ಶಾಲು ಹೊದ್ದು ಹತ್ತುವುದೂ ಬೇಡ, ಕಾಲಿಗೆ ತೊಡರುತ್ತದೆ. ಅದು ಸಂಜೆ ಕೂತಾಗ.

ಎದುರು ಬರುವ ಗದ್ದಿ ಕುರಿಗಾಹಿಗಳನ್ನು ಗಮನಿಸಿ. ಚೋಲಾ ಎಂಬ ಉಣ್ಣೆಯ ಅಂಗಿ ತೊಟ್ಟು, ಸೊಂಟಕ್ಕೆ ಡೋರಾ ಎಂಬ ಕಪ್ಪು ಉಣ್ಣೆಯ ಹಗ್ಗವನ್ನು ಸುತ್ತುಸುತ್ತಾಗಿ ಬಿಗಿದಿರುತ್ತಾರೆ. ಅದು ಬೆನ್ನಿಗೆ ಆಸರೆ, ಬೇಕಾದಾಗ ಬಿಚ್ಚಿದರೆ ಹಗ್ಗ. ಡೋರಾ ಬಿಗಿದ ಮೇಲೆ ಅಂಗಿಯ ಎದೆಭಾಗ ಚೀಲದ ಹಾಗೆ ಸಡಿಲವಾಗಿ ನಿಲ್ಲುತ್ತದೆ. ನಡೆಯಲಾರದ ಎಳೆ ಮರಿಯನ್ನು ಅದರೊಳಗೆ ಕೂರಿಸಿಕೊಂಡು, ತಲೆಯಷ್ಟೇ ಹೊರಗೆ ಬಿಟ್ಟು, ಇಳಿದು ಹೋಗುತ್ತಾರೆ.