ಮನೆ ಬಿಡದೆ ಸಂತ ಫ್ರಾನ್ಸಿಸರ ಸಭೆಗೆ ಸೇರಬಹುದಾ?

ಪ್ರಶ್ನೆ: ಸಿರುಗುಪ್ಪದ ಹತ್ತಿರ ನಮಗೆ ಸ್ವಲ್ಪ ಗದ್ದೆ ಇದೆ. ಮದುವೆಯಾಗಿದೆ, ಇಬ್ಬರು ಮಕ್ಕಳು. ಸಂತ ಫ್ರಾನ್ಸಿಸರ ಸಭೆಗೆ ಸೇರುವ ಆಸೆ ತುಂಬಾ ದಿನದಿಂದ ಇದೆ. ಸೇರಿದರೆ ಮನೆ, ಆಸ್ತಿ ಬಿಡಬೇಕಾ?

ಬೇಡ ಅಕ್ಕಾ, ಏನೂ ಬಿಡಬೇಕಿಲ್ಲ. ಫ್ರಾನ್ಸಿಸರು ಅಂದರೆ ಬಡತನದಲ್ಲಿ ಬದುಕಿದ ಇಟಲಿಯ ಅಸ್ಸಿಸಿಯ ಸಂತರು. ಅವರ ದಾರಿಯಲ್ಲಿ ನಡೆಯುವ ಕ್ಯಾಥೊಲಿಕರ ಬಳಗಕ್ಕೇ ಸಭೆ ಅನ್ನುವುದು, ಅದರವರೇ ಫ್ರಾನ್ಸಿಸ್ಕನ್ನರು. ನಿಮ್ಮಂಥ ಸಂಸಾರಸ್ಥರಿಗೆ ಅಂತಲೇ ಸೆಕ್ಯುಲರ್ ಫ್ರಾನ್ಸಿಸ್ಕನ್ ಸಭೆ ಇದೆ. ಹಿಂದೆ ಇದನ್ನು ಮೂರನೇ ಸಭೆ ಅನ್ನುತ್ತಿದ್ದರು. ಮೊದಲನೆಯದು ಬ್ರದರುಗಳದ್ದು, ಎರಡನೆಯದು ಸಂತ ಕ್ಲಾರಾಳ ಸಿಸ್ಟರುಗಳದ್ದು. ಇದರ ಪಾಲಕ ಸಂತರನ್ನೇ ನೋಡಿ. ಹಂಗೇರಿಯ ಎಲಿಜಬೆತ್ 3 ಮಕ್ಕಳ ತಾಯಿ, ಫ್ರಾನ್ಸಿನ ರಾಜ ಲೂಯಿ 11 ಮಕ್ಕಳ ತಂದೆ!

ನಮ್ಮ ಕಡೆಗೂ ಫ್ರಾನ್ಸಿಸರ ನಂಟು ಹಳೆಯದು. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಆದಾಗ ಮೊದಲ ಬಿಷಪ್ ಆದ ಜಾನ್ ಫಾರೆಸ್ಟ್ ಹೋಗನ್ ಫ್ರಾನ್ಸಿಸ್ಕನ್ನರೇ.

ಸಿಸ್ಟರುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೆಗೆದುಕೊಳ್ಳುತ್ತಾರೆ. ನೀವು ಕೊಡುವುದು ಒಂದು ಮಾತು: ಶುಭಸಂದೇಶದಂತೆ, ಅಂದರೆ ಯೇಸುವಿನ ಬೋಧನೆಯಂತೆ ಬದುಕುತ್ತೇನೆ ಅಂತ. ಅದು ಸುಮ್ನೆ ಬಾಯಿಮಾತಲ್ಲ. ಜೀವನಪೂರ್ತಿಯ ಮಾತು.

ಆ ಬದುಕಿನಲ್ಲಿ ಬಡತನಕ್ಕೂ ಜಾಗ ಇದೆ. ಹಾಗಾದರೆ ಗದ್ದೆ ಇಟ್ಟುಕೊಂಡು ಬಡತನ ಹೇಗೆ? ಜನ ಜಾಸ್ತಿ ತಡವರಿಸುವುದು ಇಲ್ಲೇ. 1978ರಲ್ಲಿ ಪೋಪ್ ಆರನೇ ಪೌಲರು ಒಪ್ಪಿದ ಈ ಸಭೆಯ ನಿಯಮ ಆಸ್ತಿ ಮಾರಿ ಅನ್ನುವುದಿಲ್ಲ. ನಿಮ್ಮ ಬೇಕುಗಳನ್ನು ಕಡಿಮೆ ಮಾಡಿಕೊಳ್ಳಿ, ಇರುವುದನ್ನು ದೇವರ ಮಕ್ಕಳಿಗಾಗಿ ನೋಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಿ ಅನ್ನುತ್ತದೆ. ನನ್ನ ಲೆಕ್ಕದಲ್ಲಿ ನಾಟಿಗೆ ಬಂದ ಹೆಣ್ಣುಮಕ್ಕಳಿಗೆ ಅವತ್ತಿನ ಕೂಲಿ ಅವತ್ತೇ ಕೊಡುವುದೂ ಈ ಬಡತನದ ಭಾಗ. ಬತ್ತ ಮಾರಿದ ದುಡ್ಡು ಬರಲಿ ಅಂತ ಅವರನ್ನು ಕಾಯಿಸಿದರೆ, ಆ ದಿನ ಎಷ್ಟು ಜಪಸರ ಮಾಡಿದರೂ ಮನಸ್ಸಿಗೆ ಸಮಾಧಾನ ಆಗುತ್ತಾ?

ಪ್ರಾರ್ಥನೆ, ಪೂಜೆ, ಸದಸ್ಯರ ಕೂಟ ಇದ್ದೇ ಇರುತ್ತವೆ. ಸಿಸ್ಟರುಗಳ ಹಾಗೆ ಸಮವಸ್ತ್ರ ಇಲ್ಲ. ‘ಟಾವ್’ ಅನ್ನುವ ಪುಟ್ಟ ಶಿಲುಬೆ ಹಾಕಿಕೊಳ್ಳುತ್ತಾರೆ, ಅಷ್ಟೆ. ಕಾರ್ಮೆಲೈಟ್, ಡೊಮಿನಿಕನ್ ಸಭೆಗಳಲ್ಲೂ ಸಂಸಾರಸ್ಥರಿಗೆ ಜಾಗ ಇದೆ.

ಆತುರ ಬೇಡ. ಮೊದಲು ಪರಿಚಯದ ಹಂತ, ಆಮೇಲೆ ಕಡಿಮೆ ಅಂದರೂ ಒಂದು ವರ್ಷ ತರಬೇತಿ, ಅದಾದ ಮೇಲೆ ಮಾತು ಕೊಡುವುದು. ಹತ್ತಿರದಲ್ಲಿ ಗುಂಪು ಎಲ್ಲಿದೆ ಅಂತ ನಿಮ್ಮ ಚರ್ಚಿನ ಫಾದರನ್ನು ಕೇಳಿ. ಅದಕ್ಕೂ ಮೊದಲು ಮನೆಯವರ ಹತ್ತಿರ ಕೂತು ಮಾತಾಡಿ. ನೀವು ಕೂಟಕ್ಕೆ ಹೋದ ದಿನ ಮಕ್ಕಳಿಗೆ ಊಟ ಹಾಕುವವರು ಅವರೇ ಅಲ್ವಾ?