ಎದೆಯಲ್ಲಿ ನೀರು, ಸೋರಿಕೆ ಹೊಟ್ಟೆಯಲ್ಲಿ

ಏದುಸಿರು, ಒಣಕೆಮ್ಮು. ಎಕ್ಸ್‌ರೇ ತೆಗೆದರೆ ಎದೆಯ ಎಡಭಾಗವೆಲ್ಲ ಬೆಳ್ಳಗೆ. ಸೂಜಿ ಚುಚ್ಚಿ ಲೀಟರುಗಟ್ಟಲೆ ನೀರು ತೆಗೆದರೆ ಹಾಯೆನಿಸುತ್ತದೆ, ಕೆಲವೇ ದಿನಗಳಲ್ಲಿ ಮತ್ತೆ ಅಷ್ಟೇ ನೀರು. ಕ್ಷಯ, ಕ್ಯಾನ್ಸರ್ ಎಂದು ಹುಡುಕಾಟ ನಡೆಯುತ್ತದೆ. ಹೊಟ್ಟೆಯ ಕಡೆ ಯಾರ ಗಮನವೂ ಹೋಗುವುದಿಲ್ಲ, ಏಕೆಂದರೆ ಹೊಟ್ಟೆ ನೋಯುತ್ತಲೇ ಇಲ್ಲವಲ್ಲ!

ಮೇದೋಜೀರಕ ಗ್ರಂಥಿಯ ಹಳೆಯ ಉರಿಯೂತವೆಂದರೆ ಹೊಟ್ಟೆನೋವು ಇರಲೇಬೇಕು ಎಂಬ ನಂಬಿಕೆ ದಾರಿ ತಪ್ಪಿಸುವುದು ಇಲ್ಲೇ. ಕೆರೆಯ ತೂಬಿಗೆ ಹೂಳು ಕಟ್ಟಿದರೆ ನೀರು ಏರಿಯಲ್ಲಿ ಇಲಿ ಕೊರೆದ ಬಿಲವನ್ನು ಹುಡುಕಿಕೊಳ್ಳುತ್ತದೆ. ಗ್ರಂಥಿಯ ನಾಳಕ್ಕೆ ಕಲ್ಲು ಅಡ್ಡ ಬಂದಾಗಲೂ ಅಷ್ಟೇ. ನಾಳ ಮುಂದಕ್ಕೆ ಒಡೆದರೆ ಜೀರ್ಣರಸ ಹೊಟ್ಟೆಯೊಳಗೆ ತುಂಬುತ್ತದೆ. ಹಿಂದಕ್ಕೆ ಒಡೆದರೆ ಮಹಾಪಧಮನಿ ಅಥವಾ ಅನ್ನನಾಳ ಎದೆ, ಹೊಟ್ಟೆಗಳ ನಡುವಿನ ವಪೆಯನ್ನು ದಾಟುವ ಕಂಡಿಯಲ್ಲೇ ನುಸುಳಿ ಎದೆಗೇರುತ್ತದೆ. ಸೋರಿದ ಮೇಲೆ ನಾಳದ ಒತ್ತಡ ಇಳಿಯುತ್ತದೆ, ಅದರೊಂದಿಗೆ ನೋವೂ.

ಈ ನಾಳವನ್ನು 1642ರಲ್ಲಿ ಇಟಲಿಯ ಪಡುವಾದಲ್ಲಿ ಕಂಡುಹಿಡಿದವನು ಅಂಗರಚನಾ ತಜ್ಞ ವಿರ್ಸಂಗ್. ಅದು ಅಪಧಮನಿಯೋ ಅಭಿಧಮನಿಯೋ ಎಂಬುದೇ ಅವನಿಗೆ ಬಗೆಹರಿದಿರಲಿಲ್ಲ; ಮರುವರ್ಷವೇ ಕೊಲೆಯಾದ. ಈ ನಾಳದಲ್ಲಿ ದಿನಕ್ಕೆ ಸುಮಾರು ಒಂದೂವರೆ ಲೀಟರ್ ರಸ ಹರಿಯುತ್ತದೆ. ಮಾಂಸವನ್ನೇ ಕರಗಿಸುವ ರಸ ಎದೆಯನ್ನೇಕೆ ಕರಗಿಸುವುದಿಲ್ಲ? ಪ್ರೋಟೀನ್ ಕತ್ತರಿಸುವ ಕಿಣ್ವಗಳು ಬೀಗ ಹಾಕಿದ ಸ್ಥಿತಿಯಲ್ಲೇ ಹೊರಡುತ್ತವೆ, ಬೀಗದ ಕೈ ಎಂಟರೊಕೈನೇಸ್ ಇರುವುದು ಸಣ್ಣ ಕರುಳಿನ ಗೋಡೆಯಲ್ಲಿ.

ಪಿಷ್ಟ ಕರಗಿಸುವ ಕಿಣ್ವ ಅಮೈಲೇಸ್‌ಗೆ ಈ ಬೀಗವಿಲ್ಲ. ತೆಗೆದ ನೀರಿನಲ್ಲೇ ಅದನ್ನು ಅಳೆದರೆ ಗುಟ್ಟು ರಟ್ಟು. ರಕ್ತದಲ್ಲಿ ಲೀಟರಿಗೆ 100 ಯೂನಿಟ್ ಆಸುಪಾಸು ಇರಬೇಕಾದದ್ದು ಇಲ್ಲಿ ಸಾವಿರಗಳಲ್ಲಿ, ಎಷ್ಟೋ ಸಲ ಹತ್ತಾರು ಸಾವಿರಗಳಲ್ಲಿ ಇರುತ್ತದೆ. ಅನ್ನನಾಳ ಹರಿದಾಗಲೂ ಕೆಲವು ಕ್ಯಾನ್ಸರ್‌ಗಳಲ್ಲೂ ಅಮೈಲೇಸ್ ಏರುವುದುಂಟು, ಆದರೆ ಸಾಮಾನ್ಯವಾಗಿ ಇಷ್ಟಲ್ಲ. ಆಮೇಲೆ ಎಂಆರ್‌ಸಿಪಿ, ಅಂದರೆ ನಾಳಗಳ ಎಂಆರ್‌ಐ ಚಿತ್ರ ಮಾಡಿಸಿದರೆ ನಾಳ ಎಲ್ಲಿ ಕಟ್ಟಿದೆ, ಎಲ್ಲಿ ಒಡೆದಿದೆ ಎಂಬ ನಕ್ಷೆ ಸಿಗುತ್ತದೆ.

ಮುಖ್ಯ ಕೆಲಸ ತೂಬು ತೆರೆಯುವುದು. ಎಂಡೋಸ್ಕೋಪ್ ಇಳಿಸಿ 5 ಅಥವಾ 7 ಫ್ರೆಂಚ್ ಸ್ಟೆಂಟ್ ತೂರಿಸುತ್ತಾರೆ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಅಂದಮೇಲೆ ಇದು ಎರಡು ಮಿಲಿಮೀಟರ್ ಆಸುಪಾಸಿನ ಕೊಳವೆ. ಒಡೆದ ಜಾಗವನ್ನು ದಾಟಿ ಕೂತರೆ ಉತ್ತಮ. ದೊಡ್ಡ ಕಲ್ಲಿದ್ದರೆ ಮೊದಲು ಹೊರಗಿನಿಂದ ಆಘಾತ ತರಂಗ ಕೊಟ್ಟು ಪುಡಿಮಾಡಬೇಕು. ರಸದ ಉತ್ಪತ್ತಿ ತಗ್ಗಿಸಲು ಆಕ್ಟ್ರಿಯೊಟೈಡ್ ಚುಚ್ಚುಮದ್ದು, ಸಾಮಾನ್ಯವಾಗಿ 100 ಮೈಕ್ರೊಗ್ರಾಂ ದಿನಕ್ಕೆ ಮೂರು ಸಲ. ಮೂಗಿನ ನಳಿಕೆಯನ್ನು ಸಣ್ಣ ಕರುಳಿನೊಳಗೆ ದೂರ ಇಳಿಸಿ ಆಹಾರ. ಮದ್ಯ, ತಂಬಾಕು ಎರಡೂ ಬಂದ್.

ಎಡವುವುದು ಎಲ್ಲಿ? ಸ್ಟೆಂಟ್ ಕಟ್ಟಿಕೊಳ್ಳುತ್ತದೆ, ಹಾಗಾಗಿ ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ನಾಳ ಪೂರ್ತಿ ತುಂಡಾಗಿದ್ದರೆ ಸ್ಟೆಂಟ್ ಆಚೆ ದಾಟುವುದೇ ಇಲ್ಲ. ಆಗ ವಾರಗಟ್ಟಲೆ ಔಷಧ ನಂಬಿ ಕೂರದೆ ಗ್ರಂಥಿಯ ಬಾಲವನ್ನು ತೆಗೆಯಬೇಕು, ಇಲ್ಲವೇ ನಾಳವನ್ನು ಕರುಳಿಗೆ ಜೋಡಿಸಬೇಕು. ತಡವಾದರೆ ಎದೆಯ ನೀರು ಕೀವಾಗಿ ಶ್ವಾಸಕೋಶದ ಪೊರೆ ದಪ್ಪಗಟ್ಟುತ್ತದೆ. ಪಕ್ಕದಲ್ಲಿ ರಸದ ಚೀಲವೊಂದು ಕಂಡರೆ ಕಾಂಟ್ರಾಸ್ಟ್ ಸಿಟಿ (ರಕ್ತನಾಳ ಎದ್ದು ಕಾಣುವಂತೆ ಔಷಧ ಕೊಟ್ಟು ತೆಗೆಯುವ ಸ್ಕ್ಯಾನ್) ಮಾಡಿಸದೆ ಸೂಜಿ ಹಾಕಬಾರದು: ಗುಲ್ಮದ ಅಪಧಮನಿ ಉಬ್ಬಿ ಅದರೊಳಗೆ ಕೂತಿದ್ದರೆ ಒಂದೇ ಚುಚ್ಚಿಗೆ ರಕ್ತ ಚಿಮ್ಮುತ್ತದೆ. ಅಂಥ ಉಬ್ಬನ್ನು ಮುಚ್ಚಲು ಕಾಯಿಲ್ (ಸಣ್ಣ ತಂತಿ ಸುರುಳಿ) ಹಾಕುವಾಗ ಈಚೆ, ಆಚೆ ಎರಡೂ ಕಡೆ ಮುಚ್ಚಬೇಕು. ಒಂದೇ ಕಡೆ ಮುಚ್ಚಿದರೆ ರಕ್ತ ಹಿಂಬಾಗಿಲಿನಿಂದ ಬರುತ್ತದೆ.

ಸ್ಟೆಂಟ್ ಸರಿಯಾಗಿ ಕೂತಿದೆಯೇ ಎಂಬುದನ್ನು ನೀರು ಬಸಿಯಲು ಎದೆಗೆ ಹಾಕಿದ ನಳಿಕೆಯ ಬಾಟಲಿಯೇ ಹೇಳುತ್ತದೆ. ದಿನದ ಅಳತೆ ಇಳಿಯುತ್ತಾ ಬಂದು ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿದ ಮೇಲಷ್ಟೇ ನಳಿಕೆ ತೆಗೆಯುತ್ತಾರೆ.