ಎಕ್ಕದ ಗಿಡ ನೋಡುವ ಕಣ್ಣು, ತಣ್ಣನೆಯ ಕಡಲ ತಳದಲ್ಲಿ

ಚಿತ್ರದುರ್ಗದ ಸುತ್ತಲ ಬಯಲಿನಲ್ಲಿ ಚಿಟ್ಟೆಮರಿಗಳ ಫೋಟೊ ತೆಗೆಯುವವರು ಹುಳವನ್ನು ಹುಡುಕುವುದಿಲ್ಲ, ಎಕ್ಕದ ಗಿಡ ಹುಡುಕುತ್ತಾರೆ. ಎಲೆಯಂಚು ತಿಂದುಹೋಗಿದೆಯೇ, ಕೆಳಗಿನ ಎಲೆ ಮೇಲೆ ಹಿಕ್ಕೆ ಬಿದ್ದಿದೆಯೇ ನೋಡಿ ಮೆಲ್ಲಗೆ ಬಗ್ಗಿದರೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಕಣ್ಣಿಗೆ ಬೀಳುತ್ತದೆ. ಎಕ್ಕದ ಹಾಲಿನ ವಿಷವನ್ನು ಅದು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಹಾಗಾಗಿಯೇ ಹಕ್ಕಿಗಳು ಅದರ ಗೋಜಿಗೆ ಹೋಗುವುದು ಕಡಿಮೆ.

ನಾರ್ವೆ, ಸ್ಕಾಟ್ಲೆಂಡಿನ ತಣ್ಣನೆಯ ಕಡಲಿಗೆ ಇಳಿಯುವ ಡೈವರ್‌ಗಳಿಗೂ ಇದೇ ವಿದ್ಯೆ ಬೇಕು. ಅವರ ಕಣ್ಣು ಅರಸುವುದು ನ್ಯೂಡಿಬ್ರಾಂಕ್ ಎಂಬ ಜೀವಿಯನ್ನು. ಅದು ಚಿಪ್ಪು ಕಳೆದುಕೊಂಡ ಬಸವನಹುಳುವಿನ ಬಳಗ. ಜಗತ್ತಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಗೆಗಳಿವೆ, ಹಲವು ಹೆಬ್ಬೆರಳಿನ ಉಗುರಿಗಿಂತ ಚಿಕ್ಕವು. ಬರಿಗಣ್ಣಿಗೆ ಅವು ಬಂಡೆ ಮೇಲಿನ ಚುಕ್ಕಿ, ಅಷ್ಟೆ. ಆದ್ದರಿಂದ ಅನುಭವಿಗಳು ಮೊದಲು ಹೈಡ್ರಾಯ್ಡ್ ಹುಡುಕುತ್ತಾರೆ. ನೋಡಲು ಪಾಚಿಯ ಕುಚ್ಚಿನಂತಿದ್ದರೂ ಅದು ಪ್ರಾಣಿ, ಲೋಳೆಮೀನಿನ ಹತ್ತಿರದ ನೆಂಟ, ಮೈತುಂಬ ಕುಟುಕು ಕಣಗಳು. ಕೋರಿಫೆಲ್ಲಾ ಜಾತಿಯ ನ್ಯೂಡಿಬ್ರಾಂಕ್‌ಗಳಿಗೆ ಅದೇ ಊಟ. ತಿಂದ ಕಣಗಳಲ್ಲಿ ಕೆಲವು ಜೀರ್ಣವಾಗದೆ ಬೆನ್ನಿನ ಮೇಲಿನ ಬೆರಳಿನಂಥ ಎಳೆಗಳ ತುದಿಗೆ ಸೇರುತ್ತವೆ. ಮೀನು ಬಾಯಿ ಹಾಕಿದರೆ ಕುಟುಕುವುದು ಹೈಡ್ರಾಯ್ಡಿನಿಂದ ಕದ್ದ ಆ ಆಯುಧವೇ. ನಮ್ಮ ಬಯಲಿನ ಹುಳ ಗಿಡದಿಂದ ವಿಷ ಪಡೆದರೆ, ಅಲ್ಲಿನ ಹುಳು ಬೇಟೆಯಿಂದ ಬಾಣ ಪಡೆಯುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಜೀವಿಗಳು ಒಂದೇ ಉಪಾಯಕ್ಕೆ ಬಂದಿರುವುದು ನನಗೆ ಇಂದಿಗೂ ದೊಡ್ಡ ಬೆರಗು.

ತಣ್ಣೀರಿನಲ್ಲಿ ಇಷ್ಟು ಜೀವರಾಶಿ ಹೇಗೆ? ಬೆಚ್ಚಗಿನ ನೀರಿಗಿಂತ ತಣ್ಣೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಡುತ್ತದೆ. ಸಿಹಿನೀರಿನ ಲೆಕ್ಕ ನೋಡಿದರೆ, 0 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14.6 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಅದರ ಅರ್ಧದಷ್ಟು. ಇದಕ್ಕಿಂತ ದೊಡ್ಡ ಕಾರಣ ಪೋಷಕಾಂಶ. ಚಳಿಗಾಲದ ಬಿರುಗಾಳಿ ತಳದ ನೀರನ್ನು ಕಲಕಿ ಮೇಲೆ ತರುತ್ತದೆ, ವಸಂತದ ಬಿಸಿಲು ಬಿದ್ದಾಗ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳು ಉಕ್ಕುತ್ತವೆ. ಅವನ್ನು ನಂಬಿ ಹೈಡ್ರಾಯ್ಡ್, ಹೈಡ್ರಾಯ್ಡ್ ನಂಬಿ ನ್ಯೂಡಿಬ್ರಾಂಕ್.

ಆದರೆ ಆ ಪ್ಲವಕಗಳೇ ಫೋಟೊಗ್ರಾಫರ್‌ಗೆ ತೊಡಕು. ನೀರು ಹಸಿರಾಗಿ ಮಸುಕಾಗುತ್ತದೆ. ಕೆಂಪು ಬೆಳಕನ್ನು ನೀರು ಮೊದಲೇ ನುಂಗಿಬಿಡುವುದರಿಂದ ಹತ್ತು ಮೀಟರ್ ಆಳದಲ್ಲಿ ಕೆಂಪು ಜೀವಿಯೂ ಕಂದಿ ಕಾಣುತ್ತದೆ. ಫ್ಲ್ಯಾಶ್ ಇಲ್ಲದೆ ಬಣ್ಣವಿಲ್ಲ. ಆ ಫ್ಲ್ಯಾಶನ್ನು ಲೆನ್ಸ್ ಪಕ್ಕದಲ್ಲೇ ಇಟ್ಟರೋ, ಧೂಳೆದ್ದ ಹಿರಿಯೂರು ರಸ್ತೆಯಲ್ಲಿ ರಾತ್ರಿ ಹೈಬೀಮ್ ಹಾಕಿದ ಹಾಗೆ, ತೇಲುವ ಕಣಗಳೆಲ್ಲ ಬೆಳಗಿ ಚಿತ್ರದ ತುಂಬ ಬಿಳಿ ಚುಕ್ಕಿ. ಅದಕ್ಕೇ ಫ್ಲ್ಯಾಶನ್ನು ತೋಳಿನಂಥ ಕಂಬಿಗೆ ಸಿಕ್ಕಿಸಿ ಬದಿಗೆ ಸರಿಸುತ್ತಾರೆ. ಜೀವಿಗೂ ಲೆನ್ಸಿಗೂ ನಡುವೆ ನೀರು ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖವನ್ನು ಸೆಳೆಯುತ್ತದೆ. ಹಾಗಾಗಿ ದಪ್ಪ ಕೈಗವಸು ಬೇಕೇ ಬೇಕು, ಅದನ್ನು ತೊಟ್ಟು ಕ್ಯಾಮೆರಾ ಗುಂಡಿ ಒತ್ತುವುದು ತ್ರಾಸು. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಫೋಟೊದಲ್ಲಿ ಸ್ಪಷ್ಟವಾಗಿ ಮೂಡುವುದು ಕೆಲವೇ ಮಿಲಿಮೀಟರ್. ನ್ಯೂಡಿಬ್ರಾಂಕ್ ವಾಸನೆ ಹಿಡಿಯುವ, ತಲೆಯ ಮೇಲಿನ ಜೋಡಿ ಕೊಂಬುಗಳ ಮೇಲೆ ಫೋಕಸ್ ನಿಲ್ಲಬೇಕು. ದಾವಣಗೆರೆ, ಚಿತ್ರದುರ್ಗದಿಂದ ಓದಲೆಂದೋ ಕೆಲಸಕ್ಕೆಂದೋ ಆ ದೇಶಗಳಿಗೆ ಹೊರಟ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು: ಎಕ್ಕದ ಎಲೆಯಡಿಯ ಹಳದಿ ಹೇನುಗಳ ಮೇಲೆ ಇಲ್ಲೇ ಕೈ ಪಳಗಿಸಿಕೊಳ್ಳಿ.

ಚಂದದ ಹಿನ್ನೆಲೆ ಬೇಕೆಂದು ಜೀವಿಯನ್ನು ಎತ್ತಿ ಬೇರೆಡೆ ಇಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಹಲವು ನ್ಯೂಡಿಬ್ರಾಂಕ್‌ಗಳು ಒಂದೆರಡು ಬಗೆಯ ಆಹಾರವನ್ನಷ್ಟೇ ತಿನ್ನುತ್ತವೆ, ಕುಚ್ಚಿನಿಂದ ದೂರವಾದರೆ ಉಪವಾಸ. ಅದು ಇದ್ದಲ್ಲೇ, ತಿನ್ನುತ್ತಿರುವ ಹೈಡ್ರಾಯ್ಡ್ ಮತ್ತು ಪಕ್ಕದ ರಿಬ್ಬನ್ ಸುರುಳಿಯಂಥ ಮೊಟ್ಟೆಗಳ ಸಮೇತ ತೆಗೆದ ಫೋಟೊ ಜಾತಿ ಗುರುತಿಸುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.